ದೆವ್ವಕ್ಕೆ ಹನ್ನೆರಡು ವೋಲ್ಟ್ ಸಾಕು

ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವೆ ಇರುವುದು ಎದೆಮಟ್ಟದ ಕಲ್ಲುಗೋಡೆ, ಅದರ ಮೇಲೆ ಒಂದಿಷ್ಟು ಜಾಲಿಮುಳ್ಳು. ಮುಳ್ಳು ಆಡುಗಳಿಗೆ, ಗೋಡೆ ನಮ್ಮ ಮಾತಿಗೆ. ನಮ್ಮೂರು ಕೊಳಗಲ್ಲಿನ ಬಿಸಿಲು ಇಳಿದ ಮೇಲೆ ಅವಳು ಅತ್ತ ನಿಂತು ನಾನು ಇತ್ತ ನಿಂತರೆ, ಮೆಣಸಿನಕಾಯಿ ರೇಟಿನಿಂದ ಹಿಡಿದು ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎನ್ನುವ ತನಕ ಎಲ್ಲವೂ ಬಂದು ಹೋಗುತ್ತದೆ. ಮೊನ್ನೆ ಅಕ್ಕ ಬಂದವಳೇ ಗೋಡೆಯ ಮೇಲೆ ಎರಡೂ ಕೈ ಊರಿದಳು.

"ತಮ್ಮಾ, ನಮ್ ಹುಡುಗ ದನದ ಕೊಟ್ಟಿಗ್ಯಾಗ ದೆವ್ವದ ಮನಿ ಕಟ್ತೀನಿ ಅಂತಾನ. ಒಳಗ ಗಾಡಿ ಬಿಡ್ತಾನಂತ, ಕರೆಂಟಿನ ಗಾಡಿ! ದೀಪ ಹಚ್ಚೋ ಮನ್ಯಾಗ ಯಾರಾರ ದೆವ್ವ ಕಟ್ತಾರೇನು? ನೀನಾರ ಬುದ್ಧಿ ಹೇಳಪಾ."

ಹುಡುಗ ಎಂದರೆ ಅವಳ ಮೊಮ್ಮಗ. ಬಳ್ಳಾರಿಗೆ ಹೋಗಿ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾನೆ. ಕುರುಗೋಡು ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಭೂತ ಬಂಗಲೆ ನೋಡಿಕೊಂಡು ಬಂದಾಗಿನಿಂದ ಅವನಿಗೆ ಇದೇ ಧ್ಯಾನ. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ. ಮೂವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಕಲ್ಲಿನ ಗೋಡೆ, ಮೇಲೆ ತಗಡು, ಎರಡೂ ತುದಿಗೆ ಬಾಗಿಲು. ಇದಕ್ಕಿಂತ ಒಳ್ಳೆಯ ಭೂತ ಬಂಗಲೆ ಎಲ್ಲಿ ಸಿಗಬೇಕು?

ಬುದ್ಧಿ ಹೇಳುತ್ತೇನೆ ಅಂದೆ. ಆದರೆ ಕಟ್ಟಬೇಡ ಎಂದು ಹೇಳುವ ಮನಸ್ಸು ನನಗಿರಲಿಲ್ಲ. ಅದಕ್ಕೆ ಕಾರಣ ಹಳೆಯದು.

ನನಗೆ ಆಗ ಹತ್ತು ವರ್ಷವಿರಬೇಕು. ಯಾವ ಜಾತ್ರೆ, ಯಾರ ಡೇರೆ ಎಂಬುದು ಬೇಡ. ತೊಟ್ಟಿಲು, ಕೊಲಂಬಸ್, ಬಾವಿಯೊಳಗೆ ಬೈಕು ಓಡಿಸುವವರು, ಇವೆಲ್ಲದರ ಕೊನೆಗೆ ಒಂದು ಭೂತ ಬಂಗಲೆ. ಒಳಗೆ ಕತ್ತಲು, ಕೆಂಪು ಬಲ್ಬು, ತಲೆಬುರುಡೆ, ಯಾರದೋ ಚೀರಾಟ. ಇವಕ್ಕೆಲ್ಲ ನಾನು ಹೆದರಲಿಲ್ಲ. ಹೊರಗೆ ಬರುವಾಗ ದಾರಿ ಕಾಣದೆ ತಗಡಿನ ಗೋಡೆಗೆ ಕೈ ಇಟ್ಟೆ. ಯಾರೋ ಮೊಣಕೈ ಹಿಡಿದು ಜಗ್ಗಿದ ಹಾಗಾಯಿತು. ಕೂಗಬೇಕೆಂದರೆ ದನಿ ಹೊರಡದು. ಹಿಂದೆ ಬರುತ್ತಿದ್ದವರ ನೂಕಿಗೆ ಕೈ ಬಿಟ್ಟುಹೋಯಿತು, ಬದುಕಿದೆ. ಮನೆಗೆ ಬಂದರೆ ಎರಡು ದಿನ ಜ್ವರ. ನಮ್ಮವ್ವ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಓಣಿಯವರೆಲ್ಲ ಹುಡುಗನಿಗೆ ಗಾಳಿ ಸೋಕಿದೆ ಎಂದರು.

ಮೂರನೆಯ ದಿನ ಮೋಟರ್ ವೈಂಡಿಂಗ್ ಮಾಡುವ ನಮ್ಮ ದೊಡ್ಡಪ್ಪ ಬಂದು ಪಕ್ಕದಲ್ಲಿ ಕುಳಿತ. ಜೇಬಿನಿಂದ ಟೆಸ್ಟರ್ ತೆಗೆದು ಗೋಡೆಯ ಪ್ಲಗ್ಗಿನ ಒಂದು ತೂತಿಗೆ ಇಟ್ಟ. ಅದರೊಳಗಿನ ಸಣ್ಣ ದೀಪ ಕೆಂಪಗೆ ಹತ್ತಿತು. "ನಿನ್ನ ಕೈ ಹಿಡಿದದ್ದು ಇದೇ" ಎಂದ. ಬಲ್ಬಿಗೆ ಎಳೆದ ತಂತಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಹರಿದಿರುತ್ತದೆ, ತಾಮ್ರ ತಗಡಿಗೆ ತಾಕಿರುತ್ತದೆ, ಅರ್ಥಿಂಗ್ ಇರುವುದಿಲ್ಲ, ಆಗ ಇಡೀ ಗೋಡೆಗೆ ಕರೆಂಟು ಬರುತ್ತದೆ. ಇಷ್ಟನ್ನು ಅವನು ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಅವತ್ತು ನನ್ನ ಜ್ವರ ಬಿಟ್ಟಿತು. ಅವತ್ತಿನಿಂದ ದೆವ್ವದ ಭಯವೂ ಬಿಟ್ಟಿತು. ಕರೆಂಟಿನ ಭಯ ಮಾತ್ರ ಬಂದದ್ದು ಇವತ್ತಿಗೂ ಹೋಗಿಲ್ಲ, ಹೋಗಲೂಬಾರದು.

ಈ ಕಥೆ ಹೇಳಿದ ಮೇಲೆ ಅಕ್ಕ ಸ್ವಲ್ಪ ಮೆತ್ತಗಾದಳು. "ಆದ್ರೂ ಸತ್ತವರ ಕೂಡ ಆಟ ಆಡಬಾರದಪಾ" ಅಂದಳು.

"ಅಕ್ಕ, ನಮ್ಮೂರಿನ ಶಾಸನದಾಗ ಏನೈತಿ ಗೊತ್ತೇನು? ರಾಷ್ಟ್ರಕೂಟರ ಮೂರನೇ ಕೃಷ್ಣ ಸತ್ತದ್ದು, ಖೊಟ್ಟಿಗ ಪಟ್ಟಕ್ಕ ಬಂದದ್ದು. 967ನೇ ಇಸವಿದು. ಈ ಊರಾಗ ಸತ್ತವರು ಕಲ್ಲಿನ ಮ್ಯಾಲೆ ಮಾತಾಡ್ತಾರ, ಕೊಟ್ಟಿಗ್ಯಾಗಲ್ಲ."

ಅವಳು ನಕ್ಕಳು. ನಕ್ಕರೆ ಅರ್ಧ ಒಪ್ಪಿದಳು ಎಂದೇ ಲೆಕ್ಕ.

ನಮ್ಮ ಸೀಮೆಗೆ ದೆವ್ವ ರಾಕ್ಷಸರೇನೂ ಹೊಸಬರಲ್ಲ. ಕುಡತಿನಿಯ ಹತ್ತಿರ ಒಂದು ಬೂದಿದಿಬ್ಬ ಇದೆ. ಅದು ಸುಟ್ಟ ರಾಕ್ಷಸರ ಬೂದಿ ಎಂದೇ ಜನ ತಲೆತಲಾಂತರದಿಂದ ನಂಬಿದ್ದರು. ಅಷ್ಟು ಬೂದಿ ಬೀಳಬೇಕಾದರೆ ಸುಟ್ಟ ಮೈ ಎಷ್ಟು ದೊಡ್ಡದಿರಬೇಕು ಎಂದು ಎಣಿಸಿದರೆ ನಂಬಿಕೆಗೆ ಒಂದು ನ್ಯಾಯ ಇದ್ದೇ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳನ್ನು ನೋಡಿ ಇದು ದನದ ಸಗಣಿ ಸುಟ್ಟ ಬೂದಿ ಎಂದ. ಆಮೇಲೆ ಆಲ್ಚಿನ್ ಎಂಬ ವಿದ್ವಾಂಸ ಉಟ್ನೂರಿನಲ್ಲಿ ಅಗೆದು ನೋಡಿ, ಇವು ಹೊಸಶಿಲಾಯುಗದ ದನಗಾರರ ದೊಡ್ಡಿಗಳು ಎಂದು 1963ರಲ್ಲಿ ಪುಸ್ತಕವನ್ನೇ ಬರೆದ. ನಾಲ್ಕೈದು ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ದನ ಕಟ್ಟಿದವರು ಸಗಣಿ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ರಾಕ್ಷಸ ಹೋದ, ಅವನ ಜಾಗದಲ್ಲಿ ನಮ್ಮ ಹಾಗೆಯೇ ಹೆಗಲ ಮೇಲೆ ಕೋಲು ಹಾಕಿಕೊಂಡ ದನಗಾರ ಬಂದು ನಿಂತ. ನನಗಂತೂ ರಾಕ್ಷಸನಿಗಿಂತ ಈ ದನಗಾರನೇ ಹೆಚ್ಚಿನ ಅದ್ಭುತ. ಅದೇ ಕುಡತಿನಿಯಲ್ಲಿ ಈಗ 1700 ಮೆಗಾವಾಟ್‌ನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ. ಅಲ್ಲಿಯೂ ಬೂದಿ ಬೀಳುತ್ತದೆ, ಕಲ್ಲಿದ್ದಲಿನದು.

ಹುಡುಗನನ್ನು ಗೋಡೆಯ ಹತ್ತಿರ ಕರೆದೆವು. ಅವನು ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡೇ ಬಂದ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಂದ ಕತ್ತರಿಸಿ ಬಿಸಾಡಿದ ಕಪ್ಪು ಬಟ್ಟೆ ತಂದು ಪರದೆ ಕಟ್ಟುವುದು, ಥರ್ಮಾಕೋಲಿನಲ್ಲಿ ಗುಹೆ ಮಾಡುವುದು, ಕಂಬದ ಲೈನಿನಿಂದ ಮೀಟರ್, ಮೀಟರಿನಿಂದ ಒಳಗೆ ಇಪ್ಪತ್ತು ಬಲ್ಬು, ಕೊನೆಗೆ ಒಂದೇ ಬಾಗಿಲು ಬಿಟ್ಟು ಇನ್ನೊಂದನ್ನು ಮುಚ್ಚುವುದು.

"ಇಲ್ಲಿಗೆ ನಿಲ್ಲಿಸು" ಅಂದೆ.

ಅವನಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಹೇಳಬೇಕು. 1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಒಂದು ಪಾರ್ಕಿನಲ್ಲಿ ದೆವ್ವದ ಕೋಟೆಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಒಳಗೆಲ್ಲ ಬೇಗ ಹತ್ತಿ ಉರಿಯುವ ಸಾಮಾನು, ತಿರುವುಮುರುವು ಕತ್ತಲ ದಾರಿ. ಅದಕ್ಕೆ ಐದು ವರ್ಷ ಮುಂಚೆ, 1979ರ ಜೂನ್ 9ರ ರಾತ್ರಿ, ಸಿಡ್ನಿಯ ಲೂನಾ ಪಾರ್ಕಿನ ದೆವ್ವದ ರೈಲಿನಲ್ಲಿ ಆರು ಮಕ್ಕಳು ಮತ್ತು ಒಬ್ಬ ತಂದೆ ಬೆಂಕಿಗೆ ಸಿಕ್ಕಿ ಹೋದರು. ದೂರದ ಮಾತು ಎನ್ನಬೇಡಿ. 1981ರ ಫೆಬ್ರುವರಿ 7ರಂದು ನಮ್ಮ ಬೆಂಗಳೂರಿನಲ್ಲೇ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಆಟ ನೋಡಲು ಬಂದ ಮಕ್ಕಳು. ಆಟಕ್ಕೆಂದು ಕಟ್ಟಿದ ಜಾಗದಲ್ಲಿ ಮಕ್ಕಳಿಗೆ ಓಡಿಹೋಗಲು ದಾರಿ ಇರಲೇಬೇಕು. ಉಳಿದ ಅಲಂಕಾರವೆಲ್ಲ ಆಮೇಲಿನ ಮಾತು.

ಹುಡುಗ ನೋಟ್‌ಬುಕ್ ಮುಚ್ಚಿದ. ಮುಖ ಸಣ್ಣದಾಯಿತು. "ಹಂಗಾದ್ರ ಕಟ್ಟೋದು ಬ್ಯಾಡ ಅಂತೀರೇನು ಮಾವ?"

"ಕಟ್ಟು. ಆದ್ರ ಭಯ ಕಟ್ಟು, ಅಪಾಯ ಕಟ್ಟಬ್ಯಾಡ."

ಅಲ್ಲಿಂದ ಶುರುವಾಯಿತು ನಮ್ಮ ನಿಜವಾದ ಹರಟೆ. ಅವತ್ತು ಹಾಲು ಕಾಯಿಸುವುದನ್ನೂ ಅಕ್ಕ ಮರೆತಳು.

ಮೊದಲನೆಯ ಪ್ರಶ್ನೆ, ಕತ್ತಲು ಎಲ್ಲಿಂದ ತರುವುದು? ಉತ್ತರ ಹೇಳಿದವಳು ಅಕ್ಕ. "ರಾತ್ರಿ ಇಲ್ಲೇನು? ಏಳು ಗಂಟಿ ಮ್ಯಾಲೆ ಆಡಿಸು. ಬಟ್ಟಿ ಯಾಕ ಬೇಕು?" ಇಷ್ಟು ಸರಳ. ಪರದೆ ಹೋಯಿತು, ಥರ್ಮಾಕೋಲು ಹೋಯಿತು. ನಡುವಿನ ಅಡ್ಡಗೋಡೆಗೆ ಹಳೆಯ ತಗಡಿನ ಶೀಟು ಸಾಕು. ಎರಡೂ ಬಾಗಿಲು ತೆರೆದಿರಬೇಕು, ಒಂದರ ಹೊರಗೆ ಒಬ್ಬ ದೊಡ್ಡವನು ಟಾರ್ಚು ಹಿಡಿದು ನಿಂತಿರಬೇಕು. ಹೊರಗೆ ಎರಡು ಬಕೆಟ್ ಮರಳು.

ಎರಡನೆಯದು ಕರೆಂಟು. ಮನೆಯ ಲೈನು 230 ವೋಲ್ಟ್. ಅದು ಕೊಟ್ಟಿಗೆಯ ಹೊಸ್ತಿಲು ದಾಟಬಾರದು. ಹಾಗಾದರೆ ಗಾಡಿ ಓಡುವುದು ಯಾವುದರಿಂದ? ನಮ್ಮ ಊರಿನಲ್ಲಿ ಮೆಣಸಿನಕಾಯಿ ಗಿಡಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಇಲ್ಲದ ಮನೆ ಕಡಿಮೆ. ಅದರೊಳಗಿನ ಬ್ಯಾಟರಿ 12 ವೋಲ್ಟಿನದು, ನಮ್ಮದು 8 ಆಂಪಿಯರ್-ಅವರ್. ಬ್ಯಾಟರಿ ಒಂದನ್ನು ಮಾತ್ರ ಬಿಚ್ಚಿಕೊಳ್ಳಬೇಕು. ಹುಡುಗ ಅದೇ ಪಂಪಿನಿಂದ ಮಂಜು ಹಾರಿಸುತ್ತೇನೆ ಎಂದಾಗ ಅಕ್ಕನೇ ಗದರಿದಳು. ಎಷ್ಟು ತೊಳೆದರೂ ಆ ಡಬ್ಬಿಯಲ್ಲಿ ವಿಷದ ವಾಸನೆ ಉಳಿದೇ ಇರುತ್ತದೆ, ಅದು ಮಕ್ಕಳ ಮುಖಕ್ಕೆ ಬರಬಾರದು.

ಗಾಡಿಗೆ ಹಳೇ ಕಾರಿನ ವೈಪರ್ ಮೋಟರ್. ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. ಮಳೆಯಲ್ಲಿ ಗಾಜು ಒರೆಸುವ ಈ ಸಣ್ಣ ಮೋಟರಿಗೆ ಬಲ ಬಹಳ, ವೇಗ ಕಡಿಮೆ. ಒಳಗೆ ತಿರುಪಿನಂಥ ಹಲ್ಲು ಇರುವುದರಿಂದ ಕರೆಂಟು ನಿಂತರೆ ಗಾಲಿಯೂ ಅಲ್ಲೇ ನಿಲ್ಲುತ್ತದೆ, ಜಾರಿಕೊಂಡು ಹೋಗುವುದಿಲ್ಲ. ನಾವು ಲೆಕ್ಕ ಹಾಕಿದೆವು. ನಿಮಿಷಕ್ಕೆ 45 ಸುತ್ತು, ಗಾಲಿಯ ಅಡ್ಡಳತೆ 15 ಸೆಂಟಿಮೀಟರ್, ಒಂದು ಸುತ್ತಿಗೆ 47 ಸೆಂಟಿಮೀಟರ್ ದೂರ. ಅಂದರೆ ಸೆಕೆಂಡಿಗೆ 35 ಸೆಂಟಿಮೀಟರ್, ಮುದುಕರು ನಡೆಯುವ ನಡಿಗೆಗಿಂತಲೂ ನಿಧಾನ. ಕೊಟ್ಟಿಗೆಯ ಆ ತುದಿಗೆ ಬಳಸಿ ಹೋಗುವ ದಾರಿ 14 ಮೀಟರ್. ಒಟ್ಟು 40 ಸೆಕೆಂಡ್.

"ನಲವತ್ತೇ ಸೆಕೆಂಡಾ?" ಎಂದು ಹುಡುಗ ರಾಗ ಎಳೆದ. ನಾನು ಅವನಿಗೆ ಕಣ್ಣು ಮುಚ್ಚಿ ನಿಲ್ಲಲು ಹೇಳಿ ಮೊಬೈಲ್ ನೋಡಿಕೊಂಡು ನಲವತ್ತು ಎಣಿಸಿದೆ. ಮೂವತ್ತಕ್ಕೇ ಕಣ್ಣು ಬಿಟ್ಟ. ಕತ್ತಲಲ್ಲಿ ನಲವತ್ತು ಸೆಕೆಂಡು ಬಹಳ ಉದ್ದ.

ಬ್ಯಾಟರಿ ಗಾಡಿಯ ಸೀಟಿನ ಕೆಳಗೇ ಕುಳಿತಿರುತ್ತದೆ, ಗಾಡಿ ಓಡುವ ಹಳಿಯಲ್ಲಿ ಕರೆಂಟು ಇಲ್ಲ. ಬ್ಯಾಟರಿಯ ಪ್ಲಸ್ ತುದಿಯಲ್ಲೇ 10 ಆಂಪಿಯರ್ ಫ್ಯೂಸು. ಹನ್ನೆರಡು ವೋಲ್ಟ್ ಒಣಗಿದ ಮೈಗೆ ಹೊಡೆಯದು ನಿಜ, ಆದರೆ ಎರಡು ತಂತಿ ಒಂದಕ್ಕೊಂದು ತಾಕಿದರೆ ಕೆಂಪಗೆ ಕಾಯ್ದು ಬೆಂಕಿ ಹಚ್ಚಬಲ್ಲದು. ಮೋಟರಿನಿಂದ ಗಾಲಿಗೆ ಹಾಕಿದ ಸೈಕಲ್ ಚೈನಿಗೆ ತಗಡಿನ ಮುಚ್ಚಳ, ಇಲ್ಲದಿದ್ದರೆ ಮಕ್ಕಳ ಲಂಗ ಸಿಕ್ಕಿಕೊಳ್ಳುತ್ತದೆ, ಬೆರಳು ಸಿಕ್ಕಿಕೊಳ್ಳುತ್ತದೆ. ಇನ್ನು ಗಾಡಿಯ ಹಿಂದೆ ಒಬ್ಬ ನಡೆದು ಬರುತ್ತಾನೆ, ಅವನ ಕೈಯಲ್ಲಿ ಒಂದು ಬಟನ್. ಒತ್ತಿ ಹಿಡಿದರೆ ಗಾಡಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮಗು ಅತ್ತರೆ ಕೈ ಬಿಡು, ಅಷ್ಟೇ.

ಬಡವರ ಕೊಟ್ಟಿಗೆಯ ಈ ಗಾಡಿಗೂ ಒಂದು ವಂಶಾವಳಿ ಇದೆ ಎಂದು ಹುಡುಗನಿಗೆ ಹೇಳಿದೆ. 1928ರ ಸುಮಾರಿಗೆ ನ್ಯೂಜೆರ್ಸಿಯ ಬ್ರಿಜ್ಟನ್ ಊರಿನಲ್ಲಿ ಲಿಯಾನ್ ಕ್ಯಾಸಿಡಿ ಎಂಬಾತ ಒಂದು ಸಣ್ಣ ಪಾರ್ಕು ನಡೆಸುತ್ತಿದ್ದ. ದೊಡ್ಡ ಪಾರ್ಕುಗಳಲ್ಲಿ ಕತ್ತಲ ಕಾಲುವೆಯೊಳಗೆ ದೋಣಿ ಬಿಡುವ ಆಟ ಇರುತ್ತಿತ್ತು. ಅದನ್ನು ಕಟ್ಟಿಸಲು ಅವನ ಕೈಯಲ್ಲಿ ದುಡ್ಡಿರಲಿಲ್ಲ. ನೀರಿನ ಬದಲು ನೆಲದ ಮೇಲೆ ಒಂದೇ ಹಳಿ ಹಾಕಿ, ಅದರ ಮೇಲೆ ಕರೆಂಟಿನ ಗಾಡಿ ಬಿಟ್ಟ. ಒಳಗಿನ ತಿರುವು ಸುತ್ತಿ ಹೊರಗೆ ಬಂದ ಒಬ್ಬರು ಪ್ರೆಟ್ಜೆಲ್ ಹಾಗೆ ಸುತ್ತಿಹೋದೆ ಎಂದರಂತೆ. ಪ್ರೆಟ್ಜೆಲ್ ಅಂದರೆ ನಮ್ಮ ಚಕ್ಕುಲಿಯ ಹಾಗೆ ತಿರುಚಿದ ತಿಂಡಿ. ಅದೇ ಹೆಸರಿನಲ್ಲಿ ಕಂಪನಿಯೂ ಹುಟ್ಟಿತು. 1930ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿಗೆ ಈ ಗಾಡಿ ಹೋದಾಗ, ಆಗ ಜನಪ್ರಿಯವಾಗಿದ್ದ ಒಂದು ನಾಟಕದ ಹೆಸರು ಹಿಡಿದು ಅದಕ್ಕೆ 'ಗೋಸ್ಟ್ ಟ್ರೇನ್' ಎಂದರು. ದುಡ್ಡಿಲ್ಲದವನ ಉಪಾಯ ಜಗತ್ತೆಲ್ಲ ಸುತ್ತಿತು.

ಮೂರನೆಯ ಪ್ರಶ್ನೆಯೇ ದೊಡ್ಡದು. ಒಳಗೆ ದೆವ್ವ ಯಾವುದು? ಹುಡುಗ ಮೊಬೈಲಿನಲ್ಲಿ ವಿದೇಶದ ಹಲ್ಲುಕಿರಿಯುವ ಮುಖವಾಡಗಳನ್ನು ತೋರಿಸಿದ. ಅಕ್ಕ ನೋಡಿ, "ಇವರ್ಯಾರೋ ನಮಗ ಗೊತ್ತಿಲ್ಲಪಾ, ಗೊತ್ತಿಲ್ಲದವರಿಗೆ ಹೆದರೋದು ಹೆಂಗ?" ಎಂದಳು. ಇಡೀ ಹರಟೆಯಲ್ಲಿ ಇದಕ್ಕಿಂತ ದೊಡ್ಡ ಮಾತು ಯಾರೂ ಆಡಲಿಲ್ಲ.

ನಮಗೆ ಗೊತ್ತಿರುವ ಭಯಗಳು ಯಾವುವು? ತೊಂಬತ್ತರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಒಂದು ಹೆಣ್ಣುದೆವ್ವ ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬರೆದದ್ದನ್ನು ಓದಿ ತಿರುಗಿ ಹೋಗುತ್ತದೆ, ದಿನವೂ ಬರುತ್ತದೆ, ದಿನವೂ ಹೋಗುತ್ತದೆ ಎಂಬ ಪುಕಾರು. ಕೊಟ್ಟಿಗೆಯ ಬಾಗಿಲಿಗೆ ಅದನ್ನೇ ಬರೆಯುವುದು ಎಂದಾಯಿತು. ಒಳಗೆ ಹೋಗುವ ಮಗು ಮೊದಲು ಅದನ್ನು ಓದಬೇಕು.

ಆಮೇಲೆ ಹತ್ತು ಸೆಕೆಂಡು ಏನೂ ಇಲ್ಲ. ಬರೀ ಕತ್ತಲು, ಗಾಲಿಯ ಸದ್ದು. ಏನೋ ಬರುತ್ತದೆ ಎಂದು ಕಾಯುವುದರಲ್ಲೇ ಭಯದ ಮುಕ್ಕಾಲು ಪಾಲು ಇರುತ್ತದೆ. ಆ ಕತ್ತಲಲ್ಲಿ ಒಂದೇ ಒಂದು ದನಿ, ಕಲ್ಲಿನದು. ಸಂಗನಕಲ್ಲು-ಕಪ್ಪಗಲ್ಲು ಗುಡ್ಡದಲ್ಲಿ ಕುಟ್ಟಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳಿವೆ. ಕುಟ್ಟಿ ಕುಟ್ಟಿ ಕುಳಿ ಬಿದ್ದ ಗುರುತು ಅವುಗಳ ಮೇಲಿದೆ. ಸಾವಿರಾರು ವರ್ಷದ ಹಿಂದಿನವರು ಯಾರನ್ನು ಕರೆಯಲು ಕುಟ್ಟಿದರೋ. ಆ ಬಂಡೆಗಳನ್ನು ಮುಟ್ಟುವುದು ಬೇಡ, ಅವು ಹಾಗೇ ಉಳಿಯಬೇಕು. ನಮ್ಮ ಓಣಿಯ ಕಣಶಿಲೆಯ ಚೂರುಗಳಲ್ಲೇ ಒಂದು ಉದ್ದನೆಯ ಚಪ್ಪಡಿಗೆ ಒಳ್ಳೆಯ ನಾದ ಇದೆ. ಹಗ್ಗದಲ್ಲಿ ತೂಗಿಬಿಟ್ಟು ಸುತ್ತಿಗೆಯಿಂದ ತಟ್ಟಿದರೆ ಮೈ ಜುಮ್ಮೆನ್ನುತ್ತದೆ.

ಅದಾದ ಮೇಲೆ ನೆರಳು. ಬಳ್ಳಾರಿ ಸೀಮೆಯವರಿಗೆ ನೆರಳಿನ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ತೊಗಲುಗೊಂಬೆ ಆಡಿಸುವವರು ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾತ್ರಿಯಿಡೀ ರಾವಣನನ್ನು ಎಬ್ಬಿಸಿ ಕುಣಿಸಿದ ನಾಡು ಇದು. ಬೆಳಗಲ್ಲು ವೀರಣ್ಣನವರು ಇದೇ ಗೊಂಬೆಗಳಲ್ಲಿ ರಾಮಾಯಣವನ್ನಲ್ಲದೆ ಗಾಂಧೀಜಿಯ ಕಥೆಯನ್ನೂ ಆಡಿಸಿದರು. 2023ರ ಏಪ್ರಿಲ್‌ನಲ್ಲಿ ಅವರು ರಸ್ತೆ ಅಪಘಾತದಲ್ಲಿ ಹೋದಾಗ ಬಳ್ಳಾರಿಗೆ ಒಂದು ದೀಪ ಆರಿತು. ಅವರ ಕಲೆಯಲ್ಲಿರುವ ಲೆಕ್ಕವನ್ನು ಹುಡುಗನಿಗೆ ಅಕ್ಕನ ಮನೆಯ ಗೋಡೆಯ ಮೇಲೇ ತೋರಿಸಿದೆ. ಮೊಬೈಲಿನ ಟಾರ್ಚು ಹಚ್ಚಿ, ಅದರಿಂದ ಒಂದು ಅಡಿ ದೂರಕ್ಕೆ ಜಾಲಿಯ ಒಂದು ಕಡ್ಡಿ ಹಿಡಿದೆ. ಟಾರ್ಚಿನಿಂದ ಗೋಡೆ ಎಂಟು ಅಡಿ ದೂರವಿತ್ತು. ಗೇಣುದ್ದದ ಕಡ್ಡಿ ಗೋಡೆಯ ಮೇಲೆ ಎಂಟು ಗೇಣಾಯಿತು. ಮುಳ್ಳು ಒಂದೊಂದೂ ಒಂದೊಂದು ಉಗುರು. ಕಡ್ಡಿಯನ್ನು ದೀಪದ ಹತ್ತಿರ ಸರಿಸಿದಂತೆ ಉಗುರುಗಳು ಬೆಳೆದು ಅಕ್ಕನ ಮನೆಯ ಮಾಳಿಗೆಯನ್ನೇ ಹಿಡಿದವು. ಓಣಿಯಲ್ಲಿ ಆಡುತ್ತಿದ್ದ ಮಕ್ಕಳು ಓ ಎಂದು ಕೂಗಿ ಓಡಿದರು, ಓಡಿ ಮತ್ತೆ ಬಂದರು.

"ದೀಪ ಸಣ್ಣದಿರಬೇಕು" ಎಂದೆ. "ಒಂದೇ ಎಲ್‌.ಇ.ಡಿ. ಸಾಕು. ಟ್ಯೂಬ್‌ಲೈಟ್ ಇಟ್ಟರೆ ನೆರಳು ಕದಡಿಹೋಗುತ್ತದೆ." ಗಾಡಿಯ ಗಾಲಿ ಹಾಯುವ ಕಡೆ ಕಾಲಿಂಗ್ ಬೆಲ್ಲಿನಂಥ ಸ್ವಿಚ್ಚು ಇಟ್ಟರೆ ಗಾಲಿ ಒತ್ತಿದಾಗ ಮಾತ್ರ ದೀಪ ಹತ್ತುತ್ತದೆ, ದಾಟಿದೊಡನೆ ಆರುತ್ತದೆ. ಆ ಒಂದು ಕ್ಷಣ ಸಾಕು. ಮುಂದೆ ಸೂರಿನಿಂದ ಇಳಿಬಿಟ್ಟ ಒದ್ದೆ ಹತ್ತಿನೂಲು, ಕೆನ್ನೆಗೆ ತಾಕುವಷ್ಟು. ಇದಕ್ಕೆ ಕರೆಂಟೂ ಬೇಡ.

ಕೊನೆಯದಕ್ಕೆ ಏನು? ಹುಡುಗ ಅಸ್ಥಿಪಂಜರ ಎಂದ, ನಾನು ಕನ್ನಡಿ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾ ಕೂಡ್ಲೇನು?" ಎಂದಳು. "ಗ್ವಾದ್ಲಿ ಹತ್ರ ಕಂಬಳಿ ಹೊದ್ಕೊಂಡು ಕೂಡ್ತೀನಿ. ಮಾತಾಡಂಗಿಲ್ಲ, ಅಲುಗಂಗಿಲ್ಲ. ಸುಮ್ನ ನೋಡ್ತೀನಿ."

ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ದೆವ್ವ ಕಟ್ಟಬೇಡ ಎಂದು ಹೇಳಲು ಬಂದವಳೇ ಎಲ್ಲರಿಗಿಂತ ಒಳ್ಳೆಯ ದೆವ್ವವನ್ನು ಕೊಟ್ಟಳು.

ಮೊದಲ ರಾತ್ರಿ ಓಣಿಯ ಹನ್ನೊಂದು ಮಕ್ಕಳು ಹತ್ತಿದರು, ಒಂದು ಸಲಕ್ಕೆ ಒಬ್ಬರು. ಉಗುರಿನ ನೆರಳಿಗೆ ಎಲ್ಲರೂ ಚೀರಿದರು. ಕಂಬಳಿಯ ಮುಂದೆ ಚೀರಲೂ ಮರೆತರು. ಒಬ್ಬ ಹುಡುಗಿ ಅರ್ಧದಾರಿಗೇ ಅಳು ಹಿಡಿದಳು, ಬಟನ್ ಹಿಡಿದವನು ಕೈ ಬಿಟ್ಟ, ಗಾಡಿ ನಿಂತಿತು, ಟಾರ್ಚು ಬಂತು. ಅವಳು ಅಕ್ಕನ ಮಡಿಲಲ್ಲಿ ಕುಳಿತು ಉಳಿದವರನ್ನು ಹೆದರಿಸಿದಳು.

ಎಲ್ಲರದೂ ಮುಗಿದ ಮೇಲೆ ಮಾಡಿದ್ದು ನನ್ನ ದೊಡ್ಡಪ್ಪನ ಕೆಲಸ. ಚಾರ್ಜಿಂಗ್ ಲೈಟು ಹಚ್ಚಿಕೊಂಡು ಮಕ್ಕಳನ್ನೆಲ್ಲ ಕಾಲ್ನಡಿಗೆಯಲ್ಲಿ ಒಳಗೆ ಕರೆದುಕೊಂಡು ಹೋದೆವು. ಇದು ಜಾಲಿಮುಳ್ಳು, ಇದು ನೂಲು, ಇದು ಚಪ್ಪಡಿ, ಇದು ನಿಮ್ಮ ಅಜ್ಜಿ. ಹುಡುಗ ಸೀಟು ಎತ್ತಿ ಬ್ಯಾಟರಿ ತೋರಿಸಿದ, ಫ್ಯೂಸು ತೆಗೆದು ತೋರಿಸಿದ. ಮಕ್ಕಳು ಒಬ್ಬೊಬ್ಬರಾಗಿ ಸ್ವಿಚ್ಚು ಒತ್ತಿ ತಾವೇ ಉಗುರು ಬೆಳೆಸಿದರು. ಚೀರಿದ್ದಕ್ಕಿಂತ ಹೆಚ್ಚು ಹೊತ್ತು ಅವರು ಒಳಗೆ ಉಳಿದದ್ದು ಆಗಲೇ.

ನಿಮ್ಮ ಓಣಿಯಲ್ಲೂ ಖಾಲಿ ಕೊಟ್ಟಿಗೆ ಇರುತ್ತದೆ, ಕೈ ಸುಮ್ಮನಿರದ ಹುಡುಗನೋ ಹುಡುಗಿಯೋ ಇರುತ್ತಾರೆ. ಬೇಡ ಎನ್ನಬೇಡಿ, ಜೊತೆಗೆ ನಿಂತು ಕಟ್ಟಿಸಿ. ಮನೆಯ ಲೈನನ್ನು ಹೊರಗಿಡಿ, ಎರಡು ಬಾಗಿಲು ತೆರೆದಿಡಿ, ಉರಿಯುವ ಸಾಮಾನು ಒಳಗೆ ತರಬೇಡಿ. ಆಟ ಮುಗಿದ ಮೇಲೆ ಮಕ್ಕಳನ್ನು ಹಾಗೇ ಮನೆಗೆ ಕಳಿಸಬೇಡಿ, ದೀಪ ಹಚ್ಚಿ ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಮುಟ್ಟಿಸಿ ತೋರಿಸಿ.